ಲಾಲ್‌ಬಾಗ್‌ನಲ್ಲಿ ಪರಿಚಯವೇ ಇಲ್ಲದವರು ನಮ್ಮ ಮನೆ ವಿಷಯವೆಲ್ಲ ಮಾತಾಡಿದರು. ಇದು ದೂರು ಕೊಡುವಂಥ ವಿಷಯವಾ?

ನಾಲ್ಕನೇ_ಶನಿವಾರ
ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದುವುದು ಜಾಸ್ತಿ, ಬರೆಯುವುದು ಕಮ್ಮಿ. ಇವತ್ತು ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಬ್ಯಾಂಕಿನಲ್ಲಿ ಕ್ಲರ್ಕ್, ಕೌಂಟರ್ ಕೆಲಸ. ಊರು ಮಲೆನಾಡು, ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿ ಗೆಳತಿಯ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಏರಿಯಾ ಯಾವುದು ಅಂತ ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ.

ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಭಾನುವಾರ ಹೇಗೂ ಬಟ್ಟೆ, ತರಕಾರಿ, ಮನೆ ಒರೆಸುವುದು ಅಂತ ಮುಗಿದುಹೋಗುತ್ತೆ. ಈ ಶನಿವಾರಗಳು ಮಾತ್ರ ನನ್ನವು. ಹತ್ತು ಗಂಟೆ ಹೊತ್ತಿಗೆ ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್‌ಗೆ ಬರುತ್ತೇನೆ. ವೆಸ್ಟ್ ಗೇಟ್ ಹತ್ತಿರ ತಳ್ಳುಗಾಡಿಯಲ್ಲಿ ಉಪ್ಪುಖಾರ ಹಾಕಿದ ಸೀಬೆಕಾಯಿ ತೆಗೆದುಕೊಳ್ಳುತ್ತೇನೆ. ದೊಡ್ಡ ಬೂರುಗದ ಮರದ ಆಚೆ ಒಂದು ಬೆಂಚಿದೆ, ಅಲ್ಲಿ ಕೂತು ಅಮ್ಮನಿಗೆ ಫೋನ್, ಆಮೇಲೆ ಏನಾದರೂ ಓದುವುದು. ಹಸಿವಾದರೆ ಗಾಂಧಿ ಬಜಾರ್. ಇಷ್ಟೇ ನನ್ನ ರಜೆ. ದೊಡ್ಡ ಖರ್ಚಿಲ್ಲ, ಯಾರ ಗೋಜೂ ಇಲ್ಲ.

ಇವತ್ತೂ ಹೋಗಿದ್ದೆ. ಆಗಸ್ಟ್ 15ರ ಹೂವಿನ ಪ್ರದರ್ಶನ ಮುಗಿದಿತ್ತು. ಆ ಗಲಾಟೆ ಇಲ್ಲ, ಮೋಡ ಮುಚ್ಚಿತ್ತು, ಜನವೂ ಕಮ್ಮಿ. ಸೀಬೆಕಾಯಿ ಗಾಡಿ ಮುಂದೆ ಶಾಲೆ ಮಕ್ಕಳ ಹಿಂಡೇ ನಿಂತಿತ್ತು, ಬೇಡ ಅಂತ ಒಳಗೆ ಬಂದೆ. ಕೂತು ಸ್ವಲ್ಪ ಹೊತ್ತಾಗಿರಬೇಕು. ಬೆಂಚಿನ ಇನ್ನೊಂದು ತುದಿಗೆ ಒಬ್ಬರು ಬಂದು ಕೂತರು. ವಯಸ್ಸು ಅರವತ್ತರ ಹತ್ತಿರ. ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಶರಟು, ಬಟ್ಟೆ ಚೀಲ, ಕೊಡೆ. ನವೆಂಬರ್ ಬಂತು ಅಂದರೆ ಲೈಫ್ ಸರ್ಟಿಫಿಕೇಟ್ ಕೊಡಲು ನಮ್ಮ ಬ್ರಾಂಚಿಗೆ ಬರುತ್ತಾರಲ್ಲ ರಿಟೈರ್ಡ್ ಮೇಷ್ಟ್ರು, ಥೇಟ್ ಹಾಗೆ.

"ಇವತ್ತು ಸೀಬೆಕಾಯಿ ತಗೊಂಡಿಲ್ವಾ?" ಅಂದರು.

ನನಗೆ ನಗು ಬಂತು. ಕೌಂಟರ್‌ನಲ್ಲಿ ಕೂತವರಿಗೆ ಇದು ಅಭ್ಯಾಸ. ನಮಗೆ ಅವರ ಮುಖ ನೆನಪಿರುವುದಿಲ್ಲ, ಅವರಿಗೆ ನಮ್ಮದು ನೆನಪಿರುತ್ತೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಮಾತಾಡಿಸುತ್ತಾರೆ. "ಸರ್, ನಮ್ಮ ಬ್ರಾಂಚಿಗೆ ಬರ್ತೀರಾ?" ಅಂತ ಕೇಳಿದೆ.

"ಇಲ್ಲಮ್ಮ, ನನ್ನ ಅಕೌಂಟ್ ಅಲ್ಲಿಲ್ಲ. ಇವತ್ತು ನಾಲ್ಕನೇ ಶನಿವಾರ, ನಿಮಗೆ ರಜೆ ಅಲ್ವಾ, ಬರ್ತೀರಿ ಅಂತ ಗೊತ್ತಿತ್ತು."

ಇಷ್ಟಕ್ಕೇ ಎದ್ದು ಹೋಗಬೇಕು ಅನ್ನಿಸುತ್ತೆ ಈಗ ಓದುವವರಿಗೆ. ಅಲ್ಲಿ ಕೂತಾಗ ಹಾಗಾಗುವುದಿಲ್ಲ. ಯಾರು ಇವರು, ಎಲ್ಲಿ ನೋಡಿದ್ದೇನೆ ಅಂತ ತಲೆ ಹುಡುಕುತ್ತಲೇ ಇರುತ್ತೆ. ಅಪ್ಪನ ಸ್ನೇಹಿತರಾ? ಸೋದರತ್ತೆ ಕಡೆಯವರಾ? ಅಷ್ಟರಲ್ಲಿ ಅವರೇ ಮುಂದುವರಿಸಿದರು. ಈ ಸಲ ಮಳೆ ಜಾಸ್ತಿ, ಅಡಿಕೆಗೆ ಕೊಳೆ ರೋಗ ಬಂತಂತಲ್ಲ? ಎರಡನೇ ಸಲ ಬೋರ್ಡೋ ಔಷಧಿ ಹೊಡೆಸೋಕೆ ಜನ ಸಿಕ್ಕಿದ್ರಾ? ಅಪ್ಪನ ಮಂಡಿ ಆಪರೇಷನ್ ದಸರಾ ಆದಮೇಲೇನಾ? ಗೌರಿ ಹಬ್ಬಕ್ಕೆ ಸೋಮವಾರ ರಾತ್ರಿ ಬಸ್ಸಿಗೆ ಹೊರಡ್ತೀರಿ ಅಲ್ವಾ? ನಿಮ್ಮ ರೂಮ್‌ಮೇಟೂ ಊರಿಗೆ ಹೋಗ್ತಾಳೆ, ಹಾಗಾದ್ರೆ ಮನೆಗೆ ಬೀಗ.

ಎಲ್ಲವೂ ನಿಜ. ಒಂದೂ ತಪ್ಪಿಲ್ಲ.

"ನಿಮಗೆ ಇದೆಲ್ಲ ಹೇಗೆ ಗೊತ್ತು? ನೀವು ಯಾರು?" ಅಂದೆ. ಗಂಟಲು ಒಣಗಿತ್ತು. ಅವರು ನಕ್ಕರು. "ಗೊತ್ತಾಗುತ್ತಮ್ಮ" ಅಂದರು, ಅಷ್ಟೇ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಮಗಳ ಹತ್ತಿರ ಮಾತಾಡುವ ಹಾಗೆ ದನಿ. ಕೆಟ್ಟ ಮಾತಿಲ್ಲ, ಕೆಟ್ಟ ನೋಟವೂ ಇಲ್ಲ, ಹತ್ತಿರ ಸರಿಯಲಿಲ್ಲ. ನನಗೆ ಕಷ್ಟ ಆಗಿದ್ದೇ ಅದು. ಏನಾದರೂ ಅಸಹ್ಯವಾಗಿ ಆಡಿದ್ದರೆ ಕೂಗಿಕೊಳ್ಳಬಹುದಿತ್ತು.

ಎದ್ದು ಗೇಟಿನ ಕಡೆ ನಡೆದೆ. ತಿರುಗಿ ನೋಡಿದರೆ ಅವರೂ ಎದ್ದು ಬರುತ್ತಿದ್ದರು. ಅವಸರ ಇಲ್ಲ, ಕೊಡೆ ಊರಿಕೊಂಡು ನಿಧಾನಕ್ಕೆ. ನಾನು ನಿಂತರೆ ಅವರೂ ನಿಂತು, ಮರಕ್ಕೆ ಹೊಡೆದಿರುವ ಹೆಸರಿನ ಫಲಕ ಓದುತ್ತಿದ್ದರು. ಸ್ಟೇಷನ್ ಮೆಟ್ಟಿಲವರೆಗೂ ಬಂದರು. ಪ್ಲಾಟ್‌ಫಾರ್ಮ್‌ಗೆ ಬರಲಿಲ್ಲ. ನಾನು ಮನೆ ಕಡೆಯ ರೈಲು ಬಿಟ್ಟು ಉಲ್ಟಾ ದಿಕ್ಕಿನದು ಹತ್ತಿದೆ, ಮೊದಲನೇ ಬೋಗಿ, ಹೆಂಗಸರದ್ದು. ಮೆಜೆಸ್ಟಿಕ್‌ನಲ್ಲಿ ಇಳಿದು ಜನರ ಮಧ್ಯೆ ಸುಮ್ನೆ ಓಡಾಡಿದೆ. ಆಮೇಲೆ ಒಂದು ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತು, ಗೆಳತಿಗೆ ಫೋನ್ ಮಾಡಿದೆ, ಅವಳು ಬಂದು ಕರೆದುಕೊಂಡು ಹೋದಳು.

ಈಗ ನನ್ನ ಪ್ರಶ್ನೆ. ಮುಟ್ಟಿಲ್ಲ, ಬೈದಿಲ್ಲ, ಹೆದರಿಸಿಲ್ಲ. ಠಾಣೆಗೆ ಹೋಗಿ ಏನಂತ ಹೇಳಲಿ? "ಒಬ್ಬರು ಅಪ್ಪನ ಮಂಡಿ ವಿಚಾರಿಸಿದರು" ಅಂತಲಾ? ಮನೆಯಲ್ಲಿ ಹೇಳಲಾ ಬೇಡವಾ? ಹೇಳಿದರೆ ಅಮ್ಮ ಟ್ರಾನ್ಸ್‌ಫರ್ ಹಾಕು ಅನ್ನುತ್ತಾಳೆ, ಇಲ್ಲಾಂದ್ರೆ ಮದುವೆ ಮಾಡಿಕೋ ಅನ್ನುತ್ತಾಳೆ. ಎರಡೂ ಬೇಡ ನನಗೆ.


ಹಾಸನದ_ಹುಡುಗಿ
ಶನಿವಾರ, ರಾತ್ರಿ 9:32

ಓದಿ ಮೈ ಜುಂ ಅಂತು. ಬೇರೆಯವರು ಬಂದು ಹೇಳುತ್ತಾರೆ ಏನು ಮಾಡಬೇಕು ಅಂತ. ಅದಕ್ಕೂ ಮುಂಚೆ ನೀವು ಈಗಲೇ, ಈ ರಾತ್ರಿಯೇ, ಎಲ್ಲವನ್ನೂ ಒಂದು ಕಡೆ ಬರೆದಿಡಿ. ಎಷ್ಟು ಗಂಟೆ, ಯಾವ ಬಟ್ಟೆ, ಯಾವ ಮಾತು ಮೊದಲು ಬಂತು, ಯಾವುದು ಆಮೇಲೆ. ಕನ್ನಡ ಯಾವ ಕಡೆಯದು ಅನ್ನಿಸಿತು ಅದನ್ನೂ. ನಾಳೆಗೆ ಅರ್ಧ ಮರೆತುಹೋಗುತ್ತೆ, ಉಳಿದರ್ಧಕ್ಕೆ ನಾವೇ ಬಣ್ಣ ಹಚ್ಚುತ್ತೇವೆ. ಮೆಟ್ರೋ ಕಾರ್ಡ್ ಇದ್ದರೆ ಅದರ ಹಿಸ್ಟರಿಯಲ್ಲಿ ಸ್ಟೇಷನ್ ಒಳಗೆ ಹೋದ ಸಮಯ ಸಿಗುತ್ತೆ, ಸ್ಕ್ರೀನ್‌ಶಾಟ್ ತೆಗೆದಿಡಿ.

ಉಲ್ಟಾ ರೈಲು ಹತ್ತಿದ್ದು ಸೂಪರ್. ನನಗಾಗಿದ್ದರೆ ಹೊಳೆಯುತ್ತಲೇ ಇರಲಿಲ್ಲ.


ಸುಮ್ನೆ_ಒಬ್ಬ
ಶನಿವಾರ, ರಾತ್ರಿ 10:05

ಬೈಸಿಕೊಳ್ಳಲು ರೆಡಿಯಾಗಿಯೇ ಬರೆಯುತ್ತಿದ್ದೇನೆ. ವಯಸ್ಸಾದವರು, ಒಂಟಿ ಇರಬಹುದು. ಮಕ್ಕಳು ಹೊರದೇಶದಲ್ಲಿ, ಮಾತಾಡಲು ಜನ ಇಲ್ಲ. ಬೆಂಗಳೂರಿನ ಪಾರ್ಕುಗಳಲ್ಲಿ ಇಂಥವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನನ್ನೂ ಕೂರಿಸಿಕೊಂಡು ಸಂಬಳ, ಜಾತಿ, ಸೈಟು, ಎಲ್ಲ ವಿಚಾರಿಸಿದ್ದಾರೆ. ಊರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಇದಕ್ಕಿಂತ ಜಾಸ್ತಿ ಕೇಳುತ್ತಾರಪ್ಪ. ಆಗ ಯಾರೂ ಪೊಲೀಸ್ ಅನ್ನುವುದಿಲ್ಲ. ನಿಮ್ಮ ಊರಿನ ಯಾರೋ ಪರಿಚಯದವರೇ ಇರಬಹುದು, ತಮಾಷೆಗೆ ಹೆಸರು ಹೇಳಿಲ್ಲ. ಮೊದಲು ಅಪ್ಪನ ಹತ್ತಿರ ಕೇಳಿ ನೋಡಿ, ಬಿಳಿ ಶರಟಿನ ಮೇಷ್ಟ್ರು ಯಾರಾದರೂ ಇದ್ದಾರಾ ಅಂತ.


ಪದ್ಮಜ್ಜಿ_ಬಸವನಗುಡಿ
ಶನಿವಾರ, ರಾತ್ರಿ 10:40

ಮಗೂ, ನಾನು ಎಪ್ಪತ್ತು ದಾಟಿದವಳು. ಮೊಮ್ಮಗ ಈ ಫೋನಿನಲ್ಲಿ ಕನ್ನಡ ಹಾಕಿಕೊಟ್ಟಿದ್ದಾನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸುಮ್ನೆ ಒಬ್ಬರು ಹೇಳಿದ್ದರಲ್ಲಿ ಒಂದು ಮಾತು ಸರಿ. ನಮ್ಮ ಜನ ಕೇಳುತ್ತಾರೆ. ನಾನೂ ಕೇಳುತ್ತೇನೆ. ಆಟೋದವನ ಹತ್ತಿರ ಮಕ್ಕಳೆಷ್ಟು ಅಂತ ಕೇಳದೆ ಇಳಿದವಳಲ್ಲ ನಾನು. ನನ್ನನ್ನು ನಮ್ಮತ್ತೆ ಮೊದಲು ನೋಡಿದ್ದೇ ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕಡೇ ಸೋಮವಾರ, ದೊಡ್ಡ ಬಸವಣ್ಣನ ಗುಡಿ ಮುಂದೆ ಕಾಲಿಡಲು ಜಾಗ ಇಲ್ಲ. ಅಂಥಾ ನೂಕುನುಗ್ಗಲಲ್ಲಿ ಬಂದು "ಯಾರ ಮನೆ ಹುಡುಗಿ ನೀನು" ಅಂತ ಕೈ ಹಿಡಿದರು. ಹೆಣ್ಣು ನೋಡುವುದಕ್ಕೆ ಆಗ ಹಾಗೇ ಬರುತ್ತಿದ್ದರು, ಮುಂಚೆ ತಿಳಿಸದೆ.

ಆದರೆ ಅವರು ಕೈ ಹಿಡಿದು ಮೊದಲು ಹೇಳಿದ್ದೇನು ಗೊತ್ತಾ? ನಾವು ಇಂಥ ಊರಿನವರು, ಇಂಥವರ ಮನೆ, ನಮ್ಮ ಯಜಮಾನರು ಇಂಥ ಆಫೀಸಿನಲ್ಲಿದ್ದಾರೆ. ತಮ್ಮದನ್ನು ಪೂರ್ತಿ ಒಪ್ಪಿಸಿ ಆಮೇಲೆ ನನ್ನದು ಕೇಳಿದರು. ಕಲ್ಯಾಣ ಮಂಟಪದಲ್ಲಿ ಪಕ್ಕದ ಎಲೆಯವರೂ ಹಾಗೇ. ನಿಮ್ಮ ಊರು ಕೇಳುವ ಮುಂಚೆ ತಮ್ಮ ಊರು ಹೇಳಿರುತ್ತಾರೆ. ಹೇಳದಿದ್ದರೆ ನಾವು ಕೇಳಿದ ತಕ್ಷಣ ಸಂತೋಷವಾಗಿ ಹೇಳುತ್ತಾರೆ, ನಿಲ್ಲಿಸುವುದೇ ಇಲ್ಲ. ನೀನು ಯಾರು ಅಂತ ಕೇಳಿದ್ದಕ್ಕೆ ಈ ಮನುಷ್ಯ ನಕ್ಕ. ಅಲ್ಲಿಗೆ ಮುಗಿಯಿತು. ಒಂಟಿಯಾದ ಮುದುಕ ತನ್ನ ಕಥೆ ಹೇಳಿಕೊಳ್ಳಲು ಹಾತೊರೆಯುತ್ತಾನೆ, ಮುಚ್ಚಿಡುವುದಿಲ್ಲ. ನಮ್ಮ ಬೀದಿಯಲ್ಲೇ ಇದ್ದಾರೆ ಐದಾರು ಜನ, ಬೇಕಾದರೆ ಬಂದು ನೋಡಿ.

ಇನ್ನೊಂದು. ಅವನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅವನ ಹತ್ತಿರವೇ ಇತ್ತು. ಗೊತ್ತಿಲ್ಲದೆ ಕೇಳಿದ್ದಲ್ಲ. ನಿನಗೆ ಗೊತ್ತಾಗಲಿ ಅಂತ ಕೇಳಿದ್ದು.

ನಿನ್ನ ಹೊಟ್ಟೆಯಲ್ಲಿ ಏನೋ ಕಲಸಿತಲ್ಲ, ಅದು ಸರಿಯಾಗಿಯೇ ಕಲಸಿದೆ. ಅಮ್ಮನಿಗೆ ಹೇಳು. ಟ್ರಾನ್ಸ್‌ಫರ್ ಅಂದರೆ ಅನ್ನಲಿ.


ನಾಲ್ಕನೇ_ಶನಿವಾರ
ಶನಿವಾರ, ರಾತ್ರಿ 11:15

ಪದ್ಮಜ್ಜಿ, ನನಗೆ ಹೇಳಲು ಬರದೇ ಇದ್ದದ್ದನ್ನು ನೀವು ಹೇಳಿದಿರಿ. ಸುಮ್ನೆ ಒಬ್ಬರೇ, ಬೈಯುವುದಿಲ್ಲ. ನಾನೂ ಹೋಟೆಲಿನಲ್ಲಿ ಕೂತು ಅದೇ ಯೋಚನೆ ಮಾಡಿದೆ. ಆದರೆ ಪರಿಚಯದವರಾಗಿದ್ದರೆ ಹಿಂದೆ ಬಂದು ಮರದ ಫಲಕ ಓದುತ್ತಾ ಯಾಕೆ ನಿಲ್ಲಬೇಕು? ನಮ್ಮ ಕಡೆಯವರಾದರೆ ದಾರಿಯಲ್ಲೇ ಕೂಗಿ ಕರೆದು ಮನೆಗೆ ಊಟಕ್ಕೆ ಎಳೆದುಕೊಂಡು ಹೋಗುತ್ತಾರೆ. ಮಾತು ಮಲೆನಾಡಿನದ್ದಲ್ಲ, ಈ ಕಡೆಯದೇ.

ಹಾಸನದ ಹುಡುಗಿ, ಬರೆದಿಟ್ಟೆ. ಒಳಗೆ ಹೋದದ್ದು 11:52. ನನಗೆ ಮಧ್ಯಾಹ್ನ ಎರಡು ಆಗಿತ್ತೇನೋ ಅನ್ನಿಸಿತ್ತು.


ಕರಿಕೋಟು
ಭಾನುವಾರ, ಬೆಳಿಗ್ಗೆ 7:20

ವಕೀಲ. ಇಲ್ಲಿ ಬರೆಯುವುದು ಸಲಹೆ ಅಷ್ಟೇ, ನಿಮ್ಮ ಕೇಸಿನ ಅಭಿಪ್ರಾಯ ಅಂತ ತಿಳಿಯಬೇಡಿ.

ಹಿಂಬಾಲಿಸುವುದು ಅಪರಾಧ. 2013ರಲ್ಲಿ ಐಪಿಸಿಗೆ 354ಡಿ ಅಂತ ಸೇರಿಸಿದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದು ಸೆಕ್ಷನ್ 78. ಮೊದಲ ಸಲ ಸಾಬೀತಾದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಕೇಳಲು ಚೆನ್ನಾಗಿದೆ. ತೊಡಕು ಎಲ್ಲಿ ಅಂದರೆ, ಹೆಂಗಸು ತನಗೆ ಇಷ್ಟ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಹಿಂದೆ ಬಿದ್ದು ಸಂಪರ್ಕಕ್ಕೆ ಪ್ರಯತ್ನಿಸಬೇಕು, ಕಾನೂನಿನ ಮಾತು ಹಾಗಿದೆ. ನಿಮ್ಮದು ಒಂದು ದಿನದ ಘಟನೆ. ನೀವು ಎದ್ದು ಹೋದದ್ದೇ ಇಷ್ಟ ಇಲ್ಲ ಅನ್ನುವುದಕ್ಕೆ ಗುರುತು ಅಂತ ವಾದಿಸಬಹುದು. ಆದರೆ ಎದುರಿನ ವಕೀಲ ಬಿಡುವುದಿಲ್ಲ.

ಹಾಗಂತ ಸುಮ್ಮನಿರಬೇಡಿ. ಇವತ್ತು ಕೊಡುವ ದೂರು ಅವನನ್ನು ಒಳಗೆ ಹಾಕಿಸಲು ಅಲ್ಲ. ಮುಂದೆ ಇನ್ನೊಮ್ಮೆ ಕಾಣಿಸಿಕೊಂಡರೆ ಇದು ಮೊದಲನೆಯದಲ್ಲ ಅಂತ ತೋರಿಸಲು. ಕಾಗದದಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ. ಎಫ್‌ಐಆರ್ ಮಾಡಲೇಬೇಕು ಅಂತ ಅಲ್ಲಿ ಜಗಳಕ್ಕೆ ನಿಲ್ಲಬೇಡಿ. ನಮ್ಮ ವ್ಯಾಪ್ತಿ ಅಲ್ಲ, ಆ ಠಾಣೆಗೆ ಹೋಗಿ ಅಂದರೆ ಮಾತ್ರ ಬಿಡಬೇಡಿ. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಝೀರೋ ಎಫ್‌ಐಆರ್ ಅನ್ನುವುದು ಅದನ್ನೇ, ಈಗ ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲಿ ಇದೆ. ಮೆಟ್ರೋ ಸ್ಟೇಷನ್ ಮತ್ತು ಗೇಟಿನ ಕ್ಯಾಮೆರಾ ದೃಶ್ಯ ಕಾಪಾಡಿ ಅಂತ ದೂರಿನಲ್ಲೇ ಸಮಯದ ಸಮೇತ ಬರೆಯಿರಿ. ತಡ ಮಾಡಿದರೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಹೋಗುತ್ತೆ.

ಮತ್ತೆ ಎದುರಾದರೆ ಜೋರಾಗಿ, ಅಕ್ಕಪಕ್ಕದವರಿಗೆ ಕೇಳುವ ಹಾಗೆ, "ನನ್ನನ್ನು ಮಾತಾಡಿಸಬೇಡಿ, ಹಿಂದೆ ಬರಬೇಡಿ" ಅನ್ನಿ. ಹೋಗಲಿ ಪಾಪ ಅಂತ ನಯವಾಗಿ ಜಾರಿಕೊಳ್ಳಬೇಡಿ. ಕಾನೂನು ಕೇಳುವ ಸ್ಪಷ್ಟತೆ ಅಂದರೆ ಇದು. ಆಮೇಲೆ 112. ಬೆಂಗಳೂರಿನಲ್ಲಿ ಪೊಲೀಸರ ಹೊಯ್ಸಳ ಗಾಡಿ ಬರುತ್ತೆ.


ಬೆಳಗಿನ_ವಾಕರ್
ಭಾನುವಾರ, ಬೆಳಿಗ್ಗೆ 8:50

ಈಗಷ್ಟೇ ಲಾಲ್‌ಬಾಗ್‌ನಿಂದ ಬಂದೆ. ದಿನಾ ಹೋಗುವವನು. ನೀವು ಹೇಳಿದ ಬೆಂಚು ಯಾವುದು ಅಂತ ಅಂದಾಜಿದೆ. ಅದರ ಹಿಂದೆ ಪೊದೆಸಾಲು, ಪೊದೆಯ ಆಚೆ ಬೆನ್ನಿಗೆ ಬೆನ್ನು ಹಾಕಿದ ಹಾಗೆ ಇನ್ನೊಂದು ಬೆಂಚು, ಸರಿನಾ? ಈ ಕಡೆ ಕೂತವರಿಗೆ ಆ ಕಡೆಯವರು ಕಾಣುವುದಿಲ್ಲ. ಮಾತು ಮಾತ್ರ ಚೆನ್ನಾಗಿ ಕೇಳುತ್ತೆ. ನಮ್ಮ ವಾಕಿಂಗ್ ಗುಂಪಿನವರಿಗೆ ಬೇರೆಯವರ ಮನೆ ಜಗಳ ಸಿಗುವುದೇ ಅಲ್ಲಿ.

ಒಂದು ಪ್ರಶ್ನೆ. ನೀವು ಅಲ್ಲಿ ಕೂತು ಅಮ್ಮನಿಗೆ ಫೋನ್ ಮಾಡುತ್ತೇನೆ ಅಂದಿರಿ. ಅಡಿಕೆ ಕೊಳೆ, ಬೋರ್ಡೋ, ಮಂಡಿ, ಹಬ್ಬದ ಬಸ್ಸು, ಇವೆಲ್ಲ ಅಮ್ಮನ ಹತ್ತಿರ ಮಾತಾಡುವ ವಿಷಯಗಳೇ ಅಲ್ವಾ?


ನಾಲ್ಕನೇ_ಶನಿವಾರ
ಭಾನುವಾರ, ಬೆಳಿಗ್ಗೆ 9:15

ಕೈಕಾಲು ತಣ್ಣಗಾಯಿತು.

ಹೌದು. ಎಲ್ಲವೂ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಅದೂ ಅರ್ಧಂಬರ್ಧ. ಅದಕ್ಕೇ ಅಮ್ಮ ಕೂಗಿಯೇ ಮಾತಾಡುತ್ತಾಳೆ, ನಾನೂ ಕೂಗುತ್ತೇನೆ. ಕೈಯಲ್ಲಿ ಸೀಬೆಕಾಯಿ ಇರುತ್ತೆ ಅಂತ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಟ್ಟಿರುತ್ತೇನೆ. ರಾತ್ರಿಯೆಲ್ಲ ಫೋನ್ ಹ್ಯಾಕ್ ಆಗಿದೆಯಾ ಅಂತ ಸೆಟ್ಟಿಂಗ್ಸ್ ಹುಡುಕಿದೆ, ಗೆಳತಿ ಒಂದೊಂದೇ ಆ್ಯಪ್ ತೆಗೆದು ಹಾಕಿದಳು. ಪೊದೆ ಆಚೆ ಕೂತು ಕೇಳಿಸಿಕೊಂಡಿರಬಹುದು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಆದರೆ ದಸರಾ ಆದಮೇಲೆ ಆಪರೇಷನ್ ಅಂತ ಮಾತಾಡಿದ್ದು ಜುಲೈನಲ್ಲಿ. ಬಸ್ ಬುಕ್ ಮಾಡಿದ್ದು ಹೇಳಿದ್ದು ಈ ತಿಂಗಳ ಎರಡನೇ ಶನಿವಾರ. ಹಾಗಾದರೆ ಎಷ್ಟು ಸಲ ಬಂದು ಕೂತಿದ್ದಾರೆ ಇವರು?


ಸುಮ್ನೆ_ಒಬ್ಬ
ಭಾನುವಾರ, ಬೆಳಿಗ್ಗೆ 9:40

ಇದು ಬೇರೆಯೇ ಆಯಿತು. ಒಂದು ಸಲ ಕಿವಿಗೆ ಬೀಳುವುದು ಬೇರೆ. ತಾರೀಕು ನೋಡಿಕೊಂಡು ಬಂದು ಕೂರುವುದು ಒಂಟಿತನ ಅಲ್ಲ.

ಒಂದು ಮಾತು, ಇಲ್ಲಿ ಯಾರೂ "ಸ್ಪೀಕರ್ ಯಾಕೆ ಹಾಕಿದಿರಿ" ಅಂತ ಶುರು ಮಾಡಬೇಡಿ. ಪಾರ್ಕಿನಲ್ಲಿ ಕೂತು ಅಮ್ಮನ ಹತ್ತಿರ ಮಾತಾಡಿದ್ದಾರೆ, ಬ್ಯಾಂಕಿನ ಲಾಕರ್ ನಂಬರ್ ಹೇಳಿಲ್ಲ.

ನನಗೆ ಹೆಚ್ಚು ಯೋಚನೆ ಆಗುತ್ತಿರುವುದು ಬೀಗದ ಮಾತು. ಅದನ್ನು ಯಾಕೆ ಎತ್ತಿದರು? ಸೋಮವಾರ ರಾತ್ರಿಯಿಂದ ಮನೆ ಖಾಲಿ ಅಂತ ಅವರಿಗೆ ಗೊತ್ತು. ಹಬ್ಬಕ್ಕೆ ಊರಿಗೆ ಹೋಗುವವರು ಠಾಣೆಗೆ ತಿಳಿಸಿ ಹೋಗಿ ಅಂತ ಪೊಲೀಸರೇ ಹೇಳುತ್ತಾರೆ, ಬೀಟ್‌ನವರು ರಾತ್ರಿ ಆ ಬೀದಿಯಲ್ಲಿ ಕಣ್ಣಾಡಿಸುತ್ತಾರೆ. ಮನೆ ಗೊತ್ತಿದೆಯೋ ಇಲ್ಲವೋ, ಗೊತ್ತಿದೆ ಅಂದುಕೊಂಡೇ ನಡೆಯಿರಿ. ಚಿನ್ನ ಗಿನ್ನ ಇದ್ದರೆ ತೆಗೆದುಕೊಂಡು ಹೋಗಿ.


ಹಾಸನದ_ಹುಡುಗಿ
ಭಾನುವಾರ, ಬೆಳಿಗ್ಗೆ 9:58

ಸೀಬೆಕಾಯಿ ಗಾಡಿಯವರನ್ನು ಕೇಳಿದಿರಾ? ಅವನ ಮೊದಲ ಮಾತೇ ಸೀಬೆಕಾಯಿ. ಅದು ಫೋನಿನಲ್ಲಿ ಕೇಳಿಸಿದ್ದಲ್ಲ, ಗೇಟಿನಲ್ಲಿ ನಿಂತು ನೋಡಿದ್ದು. ಒಬ್ಬರೇ ಹೋಗಬೇಡಿ.


ನಾಲ್ಕನೇ_ಶನಿವಾರ
ಸೋಮವಾರ, ಮಧ್ಯಾಹ್ನ 2:20

ಊಟದ ಬ್ರೇಕ್‌ನಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಇಡೀ ದಿನ ಇದರಲ್ಲೇ ಹೋಯಿತು.

ಗೆಳತಿ ಜೊತೆ ವೆಸ್ಟ್ ಗೇಟಿಗೆ ಹೋದೆ. ಗಾಡಿಯವರು ಒಬ್ಬ ಅಮ್ಮ, ನನ್ನನ್ನು ನೋಡಿದ ತಕ್ಷಣ ನಕ್ಕರು. ಬಿಳಿ ಶರಟು, ಕೊಡೆ ಅಂತ ಹೇಳುತ್ತಿದ್ದ ಹಾಗೇ ಅವರು, "ಯಾರು, ನಿಮ್ಮ ದೊಡ್ಡಪ್ಪನಾ?" ಅಂದರು.

ನನಗೆ ದೊಡ್ಡಪ್ಪನೇ ಇಲ್ಲ. ಅಪ್ಪನೇ ದೊಡ್ಡವರು.

ಅವನು (ಇನ್ನು ಮುಂದೆ ಅವರು ಅನ್ನಲಾರೆ) ಬಹಳ ದಿನದಿಂದ ಹೀಗೆ ಹೇಳಿಕೊಂಡಿದ್ದಾನೆ. "ನಮ್ಮ ತಮ್ಮನ ಮಗಳು, ಮನೆಯವರ ಜೊತೆ ಸ್ವಲ್ಪ ಮನಸ್ತಾಪ, ನಾನು ಬಂದಿದ್ದು ಅವಳಿಗೆ ಹೇಳಬೇಡಿ, ಕ್ಷೇಮವಾಗಿದ್ದಾಳಾ ಅಂತ ನೋಡಿ ಹೋಗ್ತೀನಿ" ಅಂದಿದ್ದನಂತೆ. ನನ್ನ ಶನಿವಾರಗಳಲ್ಲಿ ಬೇಗ ಬಂದು ಗಾಡಿ ಹತ್ತಿರ ನಿಲ್ಲುತ್ತಾನೆ, ನಾನು ಒಳಗೆ ಹೋದ ಮೇಲೆ ಹೋಗುತ್ತಾನೆ. ನಾನು ಬರದ ಒಂದು ದಿನ, ಹುಷಾರಿಲ್ಲವಾ ಏನು ಅಂತ ವಿಚಾರಿಸಿದ್ದಾನೆ. ಪಾಪ ಆ ಅಮ್ಮ, ಎಂಥ ಒಳ್ಳೆ ದೊಡ್ಡಪ್ಪ ಅಂತ ನಂಬಿಕೊಂಡಿದ್ದರು. ವಿಷಯ ಗೊತ್ತಾದ ಮೇಲೆ ಅವರಿಗೆ ನನಗಿಂತ ಸಿಟ್ಟು. ಅವನಿಗೆ ಬೈದದ್ದನ್ನು ಇಲ್ಲಿ ಬರೆದರೆ ಪೋಸ್ಟ್ ಡಿಲೀಟ್ ಆಗುತ್ತೆ.

ಅಲ್ಲಿಂದ ನೇರ ಠಾಣೆಗೆ ಹೋದೆವು. ಮೊದಲು ಕೂತಿದ್ದವರು ಅರ್ಧ ಕೇಳಿ, ಪಾರ್ಕಿಗೆ ಒಬ್ಬರೇ ಯಾಕೆ ಹೋಗ್ತೀರಮ್ಮ ಅಂದರು. ಇನ್ನೇನು ಅಳು ಬರಬೇಕು, ಒಳಗಿನಿಂದ ಒಬ್ಬರು ಮಹಿಳಾ ಪೇದೆ ಬಂದು ಕುರ್ಚಿ ಎಳೆದು ಕೂರಿಸಿದರು. ಪೂರ್ತಿ ಕೇಳಿದರು. ದೊಡ್ಡಪ್ಪ ಅಂತ ಸುಳ್ಳು ಹೇಳಿದ್ದು ಬಂದಾಗ ಬರೆಯುತ್ತಿದ್ದ ಪೆನ್ ನಿಲ್ಲಿಸಿ ನನ್ನ ಮುಖ ನೋಡಿದರು. ಅಲ್ಲಿಂದ ಅವರ ದನಿಯೇ ಬದಲಾಯಿತು. ಗಾಡಿಯ ಅಮ್ಮ ಹೇಳಿಕೆ ಕೊಡಲು ಒಪ್ಪಿದ್ದಾರೆ, ಕ್ಯಾಮೆರಾ ವಿಷಯ ದೂರಿನಲ್ಲಿ ಬರೆದಿದ್ದೇವೆ, ಸ್ವೀಕೃತಿ ಸಿಕ್ಕಿದೆ. ಮನೆಗೆ ಬೀಗ ಹಾಕುವ ದಿನಗಳನ್ನೂ ಬರೆದುಕೊಂಡರು. ಮಹಡಿಯಲ್ಲಿರುವ ಓನರ್ ಆಂಟಿಗೆ ಹೇಳಿದೆ. ಅವರು ತಮ್ಮನನ್ನು ಕರೆಸಿ ನಮ್ಮ ಮನೆಯಲ್ಲೇ ಮಲಗಿಸುತ್ತಾರಂತೆ. ಬಾಡಿಗೆ ವಿಷಯದಲ್ಲಿ ಕಠಿಣ, ಇದರಲ್ಲಿ ಬಂಗಾರ.

ಅಪ್ಪನಿಗೆ ಹೇಳಿದೆ, ಅಮ್ಮನಿಗಿಂತ ಮೊದಲು. ಅಪ್ಪ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನನ್ನ ಮಂಡಿ ವಿಷಯ ಅವನಿಗ್ಯಾಕೆ" ಅಂದರು. ನನಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು. ಅಮ್ಮ ಅಂದುಕೊಂಡ ಹಾಗೇ ಟ್ರಾನ್ಸ್‌ಫರ್ ಅಂದಳು. ಹಬ್ಬಕ್ಕೆ ಹೋದಾಗ ಅದರ ಎರಡನೇ ಭಾಗ ಇದೆ.


ಬೆಳಗಿನ_ವಾಕರ್
ಸೋಮವಾರ, ಮಧ್ಯಾಹ್ನ 3:05

ನಮ್ಮ ಗುಂಪಿನಲ್ಲಿ ವಿಷಯ ಹೇಳಿದ್ದೇನೆ, ನಿಮ್ಮ ಗುರುತು ಬಿಟ್ಟುಕೊಟ್ಟಿಲ್ಲ. ದಿನಾ ಹತ್ತಿಪ್ಪತ್ತು ಜನ ಆ ದಾರಿಯಲ್ಲಿ ಓಡಾಡುತ್ತೇವೆ. ಅಂಥವನು ಕಂಡರೆ ನಾವೇ ಹೋಗಿ ತಡವುವುದಿಲ್ಲ, 112ಕ್ಕೆ ಹೇಳುತ್ತೇವೆ.

ಲಾಲ್‌ಬಾಗ್ ಬಿಡಬೇಡಿ. 240 ಎಕರೆ ಇದೆ, ನಾಲ್ಕು ಕಡೆ ಗೇಟಿದೆ. ಸ್ವಲ್ಪ ಕಾಲ ಗೆಳತಿ ಜೊತೆ ಡಬಲ್ ರೋಡ್ ಗೇಟಿನಿಂದ ಬನ್ನಿ, ಗಾಜಿನ ಮನೆ ಕಡೆ ಕೂರಿ. ಅಲ್ಲಿ ಯಾವಾಗಲೂ ಜನ. ಹೊತ್ತು ಬದಲಿಸಿ. ಬೆಳಿಗ್ಗೆ ಎಂಟಕ್ಕೆ ಬಂದರೆ ನಮ್ಮಂಥ ಮುದುಕರೇ ತುಂಬಿರುತ್ತೇವೆ. ಎಲ್ಲರೂ ಕೇಳದೆಯೇ ಹೆಸರು, ಊರು, ಶುಗರ್ ಎಷ್ಟು ಅಂತ ಹೇಳುವವರು.


ಪದ್ಮಜ್ಜಿ_ಬಸವನಗುಡಿ
ಸೋಮವಾರ, ಮಧ್ಯಾಹ್ನ 3:30

ಆ ಗಾಡಿಯವಳಿಗೆ ನನ್ನ ನಮಸ್ಕಾರ ಹೇಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರು, ಶಾಲು ಇಟ್ಟುಕೋ. ಘಟ್ಟದ ಕಡೆ ಚಳಿ ಇರುತ್ತೆ ಈಗ.


ನಾಲ್ಕನೇ_ಶನಿವಾರ
ಸೋಮವಾರ, ಮಧ್ಯಾಹ್ನ 3:41

ಸರಿ ಅಜ್ಜಿ. ಕರಿಕೋಟು ಸರ್, ಒಂದು ಸಣ್ಣ ಡೌಟು. ಸ್ವೀಕೃತಿಯಲ್ಲಿ ನನ್ನ ಇನಿಷಿಯಲ್ ತಪ್ಪಾಗಿದೆ, ಘಟನೆಯ ತಾರೀಕು ಸರಿ ಇದೆ. ಹಬ್ಬ ಮುಗಿಸಿ ಬಂದ ಮೇಲೆ ಸರಿ ಮಾಡಿಸಿದರೆ ಆಗುತ್ತಾ?


ಕರಿಕೋಟು
ಸೋಮವಾರ, ಮಧ್ಯಾಹ್ನ 3:55

ಬೇಡ. ಬಸ್ಸು ಹತ್ತುವ ಮುಂಚೆ ಮಾಡಿಸಿ. ಆಧಾರ್ ಜೆರಾಕ್ಸ್ ಒಂದು ತೆಗೆದುಕೊಂಡು ಹೋಗಿ. ತಿದ್ದಿದ ಜಾಗದಲ್ಲಿ ಸಹಿ ಮತ್ತು ಸೀಲು ಎರಡೂ ಇರಲಿ.